ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಅಕ್ಕಿ ಮತ್ತು ನಮ್ಮ ಮನೆಯ ತಿಪ್ಪೆ



ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ನಾವು ಆಸೆಯ ನಿರಾಕರಣೆಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ. ಆದರೆ ಅದರಲ್ಲಿ ಗೃಹಕೃತ್ಯದ ಸೂಕ್ಷ್ಮವೊಂದೂ ಅಡಗಿದೆ. ಬೇಡದ ವಸ್ತುವನ್ನು ತಡೆಯಬೇಕಾದ ಸ್ಥಳ ಮನೆಯ ಹೊಸಿಲೇ ಹೊರತು ತಿಪ್ಪೆಯಲ್ಲ.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಂತಹ ರಾಗಿ, ರೇಷ್ಮೆಯ ಸೀಮೆಯಲ್ಲಿ ಹಿಂದೆ ಕಸವೆಂಬುದೇ ಅಪರೂಪವಾಗಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅಂಬಲಿ ಎಲ್ಲವೂ ಕಲಗಚ್ಚಿನ ಪಾತ್ರೆ ಸೇರಿ ದನಕರುಗಳ ಪಾಲಾಗುತ್ತಿದ್ದವು. ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿ ಒಲೆಗೆ, ಹುಳುವಿನ ಹಿಕ್ಕೆ ಗೊಬ್ಬರಕ್ಕೆ. ಒಲೆಯ ಬೂದಿಯಿಂದ ಪಾತ್ರೆ ಬೆಳಗಿ, ಮಿಕ್ಕದ್ದನ್ನು ತಿಪ್ಪೆಗೆ ಸುರಿಯುತ್ತಿದ್ದರು. ವರ್ಷಕ್ಕೊಮ್ಮೆ ಆ ತಿಪ್ಪೆಯೇ ಗಾಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಕೊಟ್ಟದ್ದನ್ನೆಲ್ಲ ಜೀರ್ಣಿಸಿಕೊಂಡು ಅನ್ನವಾಗಿ ಮರಳಿಸುತ್ತಿದ್ದ ತಿಪ್ಪೆಯನ್ನು ಕೊಳಕೆನ್ನುವುದು ನನಗಂತೂ ಒಪ್ಪಿಗೆಯಾಗದ ಮಾತು.

ಈಗಲೂ ತಿಪ್ಪೆಗೆ ಎಸೆಯುವ ಅಭ್ಯಾಸ ಉಳಿದಿದೆ, ಎಸೆಯುವ ವಸ್ತು ಮಾತ್ರ ಬದಲಾಗಿದೆ. ಹಾಲಿನ ಪ್ಯಾಕೆಟ್ಟು, ಶಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಬಿಸ್ಕತ್ತಿನ ಹೊದಿಕೆಗಳು ಸಗಣಿಯೊಡನೆ ಹೊಲಕ್ಕೆ ಹೋಗಿ, ಉತ್ತಾಗಲೆಲ್ಲ ಕುಳದ ಬಾಯಿಗೆ ಸಿಕ್ಕಿ ಮೇಲೇಳುತ್ತವೆ. ಅನ್ನದ ವಾಸನೆಗೆ ಕವರನ್ನೇ ನುಂಗಿದ ಹಸುವಿನ ಹೊಟ್ಟೆಯಲ್ಲಿ ಅದು ಗಂಟಾಗಿ ನಿಲ್ಲುತ್ತದೆ. ಇದಕ್ಕೆ ಪರಿಹಾರವೆಂದು ಮುಂಜಾನೆ ಅಂಗಳದಲ್ಲಿ ಎಲ್ಲವನ್ನೂ ಗುಡ್ಡೆ ಹಾಕಿ ಬೆಂಕಿಯಿಡುವವರಿದ್ದಾರೆ. ಕಣ್ಣಿಗೆ ಕಸ ಮಾಯವಾಯಿತು, ನಿಜ. ಆದರೆ ಪಿ.ವಿ.ಸಿ.ಯಂತಹ ಪ್ಲಾಸ್ಟಿಕ್ ಹೀಗೆ ಅರೆಬರೆ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಮೊದಲು ಉಸಿರಾಡುವವರು ಪಕ್ಕದಲ್ಲಿ ಆಡುವ ನಮ್ಮ ಮಕ್ಕಳೇ.

ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಅರ್ಕಾವತಿಯನ್ನು ಸೇರಿ, ಅದು ನಮ್ಮ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ನಗರದವರ ಮೇಲಿನ ನಮ್ಮ ಸಿಟ್ಟು ನ್ಯಾಯವಾದುದೇ. ಆದರೆ ನಮ್ಮೂರಿನ ಹಳ್ಳಗಳೂ ಮಳೆಗಾಲದಲ್ಲಿ ಅದೇ ದಿಕ್ಕಿಗೆ ಹರಿಯುತ್ತವೆ. ಆಚೆಗೆ ಕಾವೇರಿ ವನ್ಯಜೀವಿಧಾಮದ ಕಾಡಿದೆ. ಆನೆ ಹೊಲಕ್ಕೆ ಬಂತೆಂದು ದೂರುವ ನಾವು, ನಮ್ಮ ಕವರುಗಳು ಅದರ ಮನೆಗೆ ಹೋಗುವುದನ್ನು ಗಮನಿಸುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಂತೆಗೆ ಹೊರಡುವಾಗ ಬಟ್ಟೆಯ ಕೈಚೀಲ ಒಯ್ಯುವುದು ಮೊದಲ ಹೆಜ್ಜೆ. ಮಾರಯ್ಯನವರ ಕಾಲದಂತೆ ಇಂದಿಗೂ ಹೊರಗಿನಿಂದ ತರುವವರು ಹೆಚ್ಚಾಗಿ ಗಂಡಸರು, ಅದರ ಕಸವನ್ನು ಎತ್ತುವವರು ಹೆಂಗಸರು. ಆದ್ದರಿಂದ ಈ ಮಾತು ಮನೆಯ ಯಜಮಾನರಿಗೇ ಹೆಚ್ಚು ಸಲ್ಲುತ್ತದೆ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆದರೂ ಕೈಬೀಸಿಕೊಂಡು ಸಂತೆಗೆ ಹೋದವರು ಐದಾರು ಕವರು ಹಿಡಿದು ಮರಳುತ್ತಾರೆ. ಕೊಡುವವನು ತಪ್ಪಿತಸ್ಥನಾದರೆ ಕೈಯೊಡ್ಡಿದವನೇನು?

ಮನೆಯ ಕಸದಲ್ಲಿ ಅರ್ಧಕ್ಕೂ ಹೆಚ್ಚು ಹಸಿ ಕಸವೇ ಇರುತ್ತದೆ. ಅದನ್ನು ಒಣ ಕಸದೊಡನೆ ಬೆರೆಸದಿದ್ದರೆ ಸಾಕು, ದನವಿಲ್ಲದ ಮನೆಯಲ್ಲಿಯೂ ಹಿತ್ತಿಲಿನ ಒಂದು ಗುಂಡಿ, ಮೇಲೆ ಹರಡಲು ಒಣ ಎಲೆ ಮತ್ತು ಹಿಡಿ ಮಣ್ಣು ಅದನ್ನು ಗೊಬ್ಬರವಾಗಿಸುತ್ತವೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ, ಅಂಟಿಕೊಂಡಿರುವಂತೆಯೇ ಸೀಳಬೇಕು. ಬೇರ್ಪಟ್ಟ ಆ ಚೂರನ್ನು ಯಾರೂ ಹೆಕ್ಕಲಾರರು; ತೊಳೆದು ಒಣಗಿಸಿದ ಪ್ಯಾಕೆಟ್ಟಾದರೋ ಗುಜರಿಯವನಿಗೆ ಬೆಲೆಯುಳ್ಳದ್ದು. ಹಲವು ಗ್ರಾಮ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ತಾಯಂದಿರು ವಾಹನದಲ್ಲಿ ಬಂದು ಒಣ ಕಸ ಒಯ್ಯುತ್ತಾರೆ. ಅವರ ಕೈಗೆ ಮುಸುರೆ ಮೆತ್ತಿದ ಕವರು ಕೊಡುವುದು ಅವರ ಕಾಯಕಕ್ಕೆ ಮಾಡುವ ಅಗೌರವ. ಎರಡು ರೂಪಾಯಿಯ ಶಾಂಪೂ ಪೊಟ್ಟಣದ ಬದಲು ಸೀಗೆಪುಡಿಗೋ ದೊಡ್ಡ ಸೀಸೆಗೋ ಮರಳುವುದು ಕೆಲವರಿಗೆ ಕಷ್ಟವಾದೀತು. ದಿನದ ಕೂಲಿಯವರಿಗೆ ಆ ಪೊಟ್ಟಣವೇ ಅನುಕೂಲವೆಂಬುದನ್ನು ಬಲ್ಲೆ, ಅವರನ್ನು ದೂಷಿಸಲಾರೆ. ಉಳ್ಳವರು ಮೊದಲು ಬಿಡಲಿ.

ಇನ್ನು ನಮ್ಮ ದಾಸೋಹಗಳ ವಿಷಯ. ಗೃಹಪ್ರವೇಶ, ಜಾತ್ರೆ, ಪುಣ್ಯಸ್ಮರಣೆಗಳಲ್ಲಿ ಪ್ರಸಾದವನ್ನು ಎಲೆಯಲ್ಲಿ ಬಿಟ್ಟೇಳುವುದು ಒಂದು ನೋವು, ಆ ಎಲೆಯೇ ಎಲೆಯಾಗಿರದಿರುವುದು ಮತ್ತೊಂದು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ಅದರ ಜಾಗಕ್ಕೆ ಬಂದ ಕಾಗದದ ತಟ್ಟೆಗಳಲ್ಲಿ ಅನೇಕವುಗಳ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪೊರೆ ಹಚ್ಚಿರುತ್ತಾರೆ, ಅವು ಮಣ್ಣಾಗುವುದಿಲ್ಲ. ಬಾಳೆಯೆಲೆ, ಮುತ್ತುಗದೆಲೆ, ಅಡಿಕೆ ಹಾಳೆಗಳು ಮಣ್ಣಾಗುತ್ತವೆ. ಇವೆಲ್ಲಕ್ಕಿಂತ ಒಳ್ಳೆಯದೆಂದರೆ ಊರಿನವರೆಲ್ಲ ಕೂಡಿ ಒಂದೆರಡು ನೂರು ಸ್ಟೀಲ್ ತಟ್ಟೆ, ಲೋಟಗಳನ್ನು ಕೊಂಡು ದೇವಸ್ಥಾನದಲ್ಲಿಯೋ ಸಮುದಾಯ ಭವನದಲ್ಲಿಯೋ ಇಟ್ಟುಕೊಳ್ಳುವುದು. ಮಗಳ ಮದುವೆಯ ನೆನಪಿಗೆ ಗೋಡೆ ಗಡಿಯಾರ ಕಾಣಿಕೆ ಕೊಡುವ ದಾನಿಗಳು ಈ ತಟ್ಟೆಗಳ ಮೇಲೆ ತಮ್ಮ ಹೆಸರು ಕೆತ್ತಿಸಲಿ. ತೊಳೆಯುವವರು ಯಾರು ಎಂಬ ಪ್ರಶ್ನೆ ಬಂದರೆ, ಉಂಡವರೇ ತಮ್ಮ ತಟ್ಟೆ ತೊಳೆದಿಡಲಿ.