ಯಾರ ಹೆಸರು ಮೊದಲು?

ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ. ಈ ನಾಲ್ಕು ತಾಲೂಕುಗಳ ಭಕ್ತರು ಕೂಡಿ ನಡೆಸುವ ಸಮಾರಂಭದ ಆಮಂತ್ರಣ ಪತ್ರಿಕೆಯಲ್ಲಿ ಊರುಗಳ ಹೆಸರನ್ನು ಅಕಾರಾದಿಯಾಗಿ ಬರೆದರೆ ಬರುವ ಕ್ರಮ ಇದೇ. ಇಂಗ್ಲಿಷ್ ಅಕ್ಷರಮಾಲೆಯನ್ನು ಹಿಡಿದರೆ ಬಾಗೇವಾಡಿ ಮೇಲೇರುತ್ತದೆ, ಇಂಡಿ ಎರಡನೆಯದಾಗುತ್ತದೆ. ಸಿಂದಗಿ ಮಾತ್ರ ಎರಡರಲ್ಲಿಯೂ ಕೊನೆಯದೇ. ಸಿಂದಗಿಯವರು ಮಾಡಿದ ಅಪರಾಧವಾದರೂ ಏನು? ಅವರ ಊರಿನ ಹೆಸರು ಸಕಾರದಿಂದ ಮೊದಲಾಯಿತು, ಅಷ್ಟೇ.

ಇದು ನಗೆಯ ಮಾತೆಂದು ಕೆಲವರಿಗೆ ತೋರಬಹುದು. ಆದರೆ ಜಾತ್ರೆ, ಪ್ರವಚನ, ಸಾಮೂಹಿಕ ವಿವಾಹಗಳ ಏರ್ಪಾಡಿನಲ್ಲಿ ಒಂದು ಸಲವಾದರೂ ಕೈಯಿಟ್ಟವರು ನಗಲಾರರು. ದೇಣಿಗೆದಾರರ ಪಟ್ಟಿಯಲ್ಲಿ ಹೆಸರು ಎರಡು ಸಾಲು ಕೆಳಗೆ ಬಂತೆಂದು ಮುನಿದು ದಾಸೋಹದ ಪಾಳಿಗೆ ಬಾರದೆ ಉಳಿದ ಮನೆತನಗಳುಂಟು. ಅಚ್ಚಾದ ಪತ್ರಿಕೆಗಳನ್ನು ಕಟ್ಟಿಟ್ಟು ಮರಳಿ ಅಚ್ಚು ಹಾಕಿಸಿದ್ದುಂಟು. ಸಮಾನತೆಯ ಮಾತನ್ನು ವೇದಿಕೆಯ ಮೇಲೆ ಎಷ್ಟು ಎತ್ತರದ ದನಿಯಲ್ಲಿ ಆಡಿದರೂ ಪಟ್ಟಿ ಬರೆಯಲು ಕುಳಿತಾಗ ಯಾರಾದರೊಬ್ಬರು ಮೊದಲಿಗರಾಗಲೇಬೇಕು, ಯಾರಾದರೊಬ್ಬರು ಕಡೆಯವರಾಗಲೇಬೇಕು. ಕಾಗದಕ್ಕೆ ಮೇಲು ಕೆಳಗು ಇದ್ದೇ ಇದೆ.

ಮೊದಲ ಸ್ಥಾನದಿಂದ ಲಾಭವೂ ಇದೆಯೆಂಬುದು ಬರಿಯ ಮನದ ಭ್ರಮೆಯಲ್ಲ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಮತಪತ್ರದ ಹೆಸರುಗಳ ಕ್ರಮವನ್ನು ಮತಗಟ್ಟೆಯಿಂದ ಮತಗಟ್ಟೆಗೆ ಬದಲಿಸುವ ಪದ್ಧತಿಯಿತ್ತು. ಅಲ್ಲಿಯ 1992ರ ಚುನಾವಣೆಯ 118 ಸ್ಪರ್ಧೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಸ್ಪರ್ಧೆಗಳಲ್ಲಿ ಹೆಸರಿನ ಸ್ಥಾನದ ಪರಿಣಾಮ ಕಂಡುಬಂದಿತು. ಮೊದಲು ಬರೆದ ಹೆಸರಿಗೆ ಸರಾಸರಿ ಶೇಕಡಾ 2.5ರಷ್ಟು ಮತಗಳು ಹೆಚ್ಚಿಗೆ ದೊರೆತಿದ್ದವು. ಕ್ಯಾಲಿಫೋರ್ನಿಯಾದವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಪ್ರತಿ ಚುನಾವಣೆಗೆ ಮುನ್ನ ಅಕ್ಷರಮಾಲೆಯನ್ನೇ ಚೀಟಿ ಎತ್ತಿ ಹೊಸ ಕ್ರಮದಲ್ಲಿ ಜೋಡಿಸುತ್ತಾರೆ. ಆ ಸಲದ ಮಟ್ಟಿಗೆ ಅದೇ ಅಕಾರಾದಿ. ನಮ್ಮ ದೇಶದಲ್ಲಿ ಅಭ್ಯರ್ಥಿಗಳನ್ನು ಮೂರು ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನೊಳಗೆ ವರ್ಣಮಾಲೆಯ ಕ್ರಮದಲ್ಲಿಯೇ ಹೆಸರುಗಳನ್ನು ಇರಿಸುತ್ತಾರೆ.

ಈಚಿನ ದಿನಗಳಲ್ಲಿ ಈ ತೊಡಕಿಗೆ ಸುಲಭದ ಉಪಾಯವೊಂದು ಕೈಗೆ ಬಂದಿದೆ. ಅಂತರಜಾಲದಲ್ಲಿ ಪಟ್ಟಿಗಳನ್ನು ಕಲಸಿ ಕೊಡುವ ಸಾಧನಗಳಿವೆ. ಹೆಸರುಗಳನ್ನು ಸಾಲಾಗಿ ಬರೆದು ಒಂದು ಗುಂಡಿ ಒತ್ತಿದರೆ ಇಸ್ಪೀಟು ಎಲೆಗಳನ್ನು ಕಲಸಿದಂತೆ ಅವು ಬೇರೆ ಕ್ರಮದಲ್ಲಿ ಬಂದು ನಿಲ್ಲುತ್ತವೆ. ಇವುಗಳಲ್ಲಿ ಹೆಸರಾದದ್ದು ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಮ್ಯಾಡ್ಸ್ ಹಾರ್ ಎಂಬವರು 1998ರಲ್ಲಿ ಆರಂಭಿಸಿದ ರ‍್ಯಾಂಡಮ್ ಡಾಟ್ ಆರ್ಗ್. ವಾತಾವರಣದಲ್ಲಿರುವ ವಿದ್ಯುತ್ ಗದ್ದಲವನ್ನು, ಎಂದರೆ ರೇಡಿಯೋದಲ್ಲಿ ಎರಡು ಕೇಂದ್ರಗಳ ನಡುವೆ ಕೇಳಿಬರುವ ಸರಸರ ಸದ್ದಿನಂಥದ್ದನ್ನು, ಹಿಡಿದು ಅದರಿಂದ ಅಂಕಿಗಳನ್ನು ಪಡೆಯುವುದು ಅದರ ವಿಶೇಷ. ನಮ್ಮ ಹಳ್ಳಿಗಳ ಯುವಕರೂ ಇಂಥ ಸಾಧನವನ್ನು ಮೊಬೈಲಿನಲ್ಲಿ ತೆರೆದು ತೋರಿಸಬಲ್ಲರು. ಹಿರಿಯರು ಕೇಳುವ ಪ್ರಶ್ನೆ ಒಂದೇ: ಇದನ್ನು ನಂಬಬಹುದೇ?

ನಂಬಿಕೆಗೆ ಮುನ್ನ ಅದು ಕೆಲಸ ಮಾಡುವ ಬಗೆಯನ್ನು ಅರಿಯುವುದು ಒಳಿತು. ಸಂಖ್ಯಾಶಾಸ್ತ್ರದ ಹಿರಿಯರಾದ ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಗ್ರಂಥದಲ್ಲಿ ಪಟ್ಟಿಯನ್ನು ಕಲಸುವ ಕ್ರಮವನ್ನು ಹೇಳಿದರು. ಅದನ್ನು ಗಣಕಯಂತ್ರಕ್ಕೆ ಒಗ್ಗಿಸಿದವರು 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್. ಕ್ರಮ ಬಹು ಸರಳ. ಹತ್ತು ಹೆಸರುಗಳಿದ್ದರೆ ಹತ್ತರಲ್ಲಿ ಒಂದನ್ನು ಕಣ್ಣು ಮುಚ್ಚಿ ಎತ್ತಿ ಬದಿಗಿಡಬೇಕು. ಅದನ್ನು ಮರಳಿ ಹಾಕಬಾರದು. ಉಳಿದ ಒಂಬತ್ತರಲ್ಲಿ ಮತ್ತೊಂದು, ಎಂಟರಲ್ಲಿ ಮತ್ತೊಂದು, ಹೀಗೆ ಬುಟ್ಟಿ ಬರಿದಾಗುವವರೆಗೆ. ನಮ್ಮ ತಾಯಂದಿರು ಮಕ್ಕಳ ಜಗಳ ಬಿಡಿಸಲು ಚೀಟಿ ಎತ್ತಿಸುವ ರೀತಿಯೇ ಇದು. ಹತ್ತು ಹೆಸರುಗಳನ್ನು 36,28,800 ಬಗೆಯಲ್ಲಿ ಜೋಡಿಸಬಹುದು. ಈ ಕ್ರಮದಲ್ಲಿ ಅವುಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶವಿರುತ್ತದೆ. ಸಿಂದಗಿಗೂ ಅಷ್ಟೇ, ಇಂಡಿಗೂ ಅಷ್ಟೇ.

ಈ ಸರಳ ಕ್ರಮವನ್ನು ಸ್ವಲ್ಪ ಸಡಿಲಿಸಿದರೂ ನ್ಯಾಯ ಕೆಡುತ್ತದೆ. ಮೂರು ಹೆಸರುಗಳನ್ನೇ ತೆಗೆದುಕೊಳ್ಳೋಣ. ಮೂರು ಸ್ಥಾನಗಳಲ್ಲಿ ಪ್ರತಿಯೊಂದನ್ನೂ ಮೂರರಲ್ಲಿ ಯಾವುದರೊಡನೆಯಾದರೂ ಅದಲುಬದಲು ಮಾಡುತ್ತ ಹೋದರೆ ಒಟ್ಟು 27 ದಾರಿಗಳಾಗುತ್ತವೆ. ಮೂರು ಹೆಸರುಗಳ ಜೋಡಣೆಗಳಾದರೋ ಆರೇ. 27 ರೊಟ್ಟಿಗಳನ್ನು ಮುರಿಯದೆ ಆರು ಜನಕ್ಕೆ ಸಮನಾಗಿ ಹಂಚಲಾದೀತೇ? ಕೆಲವು ಜೋಡಣೆಗಳಿಗೆ ಐದು, ಕೆಲವಕ್ಕೆ ನಾಲ್ಕು. ಕಣ್ಣಿಗೆ ಚೆನ್ನಾಗಿ ಕಲಸಿದಂತೆಯೇ ಕಾಣುತ್ತದೆ. ಒಳಗೆ ಪಕ್ಷಪಾತ ಕುಳಿತಿರುತ್ತದೆ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. ಐರೋಪ್ಯ ಒಕ್ಕೂಟದ ಒತ್ತಾಯದಂತೆ 2010ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಅಂತರಜಾಲ ನೋಡುವ ಐದು ಮುಖ್ಯ ತಂತ್ರಾಂಶಗಳ ಹೆಸರನ್ನು ಗ್ರಾಹಕರ ಮುಂದೆ ಪ್ರತಿ ಸಲವೂ ಬೇರೆ ಬೇರೆ ಕ್ರಮದಲ್ಲಿ ತೋರಿಸಬೇಕಾಯಿತು. ಯಾರಿಗೂ ಮೊದಲ ಸ್ಥಾನದ ಲಾಭ ಸಿಗಬಾರದೆಂಬುದೇ ಅದರ ಉದ್ದೇಶ. ಪರೀಕ್ಷಿಸಿ ನೋಡಿದವರಿಗೆ ಕಂಡದ್ದೇ ಬೇರೆ. ಕಂಪನಿಯ ಸ್ವಂತ ತಂತ್ರಾಂಶದ ಹೆಸರೇ ಅರ್ಧದಷ್ಟು ಸಲ ಕಡೆಯ ಸ್ಥಾನಕ್ಕೆ ಬರುತ್ತಿತ್ತು. ಅಲ್ಲಿ ವಂಚನೆಯೇನೂ ಇರಲಿಲ್ಲ, ಕಲಸುವ ಕ್ರಮ ತಪ್ಪಿತ್ತು. ಕೂಡಲೇ ಅದನ್ನು ತಿದ್ದಿದರು.

ಹಾಗಾದರೆ ಯಂತ್ರ ಬೇಡ, ಕೈಯಿಂದ ಎತ್ತಿದ ಚೀಟಿಯೇ ಲೇಸು ಎನ್ನುವವರಿದ್ದಾರೆ. 1969ರ ಡಿಸೆಂಬರ್ 1ರಂದು ಅಮೆರಿಕ ದೇಶವು ವಿಯೆಟ್ನಾಂ ಯುದ್ಧಕ್ಕೆ ಯಾವ ತರುಣರನ್ನು ಮೊದಲು ಕರೆಯಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿತು. ವರ್ಷದ 366 ಜನ್ಮದಿನಾಂಕಗಳನ್ನು ಸಣ್ಣ ಡಬ್ಬಿಗಳಲ್ಲಿ ಹಾಕಿ ತಿಂಗಳ ಅನುಕ್ರಮದಲ್ಲಿ ತುಂಬಿದ್ದರು, ಸಾಕಷ್ಟು ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ದಿನಾಂಕಗಳು ಹೆಚ್ಚಾಗಿ ಮೊದಲೇ ಹೊರಬಂದವು. ಆಮಂತ್ರಣ ಪತ್ರಿಕೆಯ ಸಾಲಿನ ಮಾತಲ್ಲ ಅದು, ತಾಯಂದಿರ ಮಕ್ಕಳ ಪ್ರಾಣದ ಮಾತು. ಒಂದು ಬುಟ್ಟಿಯನ್ನು ಇನ್ನೂ ಸ್ವಲ್ಪ ಹೊತ್ತು ಅಲುಗಾಡಿಸಿದ್ದರೆ ಎಷ್ಟು ಮನೆಗಳ ಕಥೆ ಬೇರೆಯಾಗುತ್ತಿತ್ತೋ!

ಯಂತ್ರಕ್ಕಿಂತಲೂ, ಬುಟ್ಟಿಗಿಂತಲೂ ನಾವು ಹೆಚ್ಚು ಅಂಜಬೇಕಾದದ್ದು ಗುಂಡಿ ಒತ್ತುವ ಬೆರಳಿಗೆ. ನಾಲ್ಕು ಹೆಸರುಗಳಲ್ಲಿ ತಮ್ಮ ಊರು ಮೊದಲು ಬರುವ ಸಂಭವ ನಾಲ್ಕರಲ್ಲಿ ಒಂದು. ಬರಲಿಲ್ಲವೆಂದು ಒಬ್ಬರೇ ಕೋಣೆಯಲ್ಲಿ ಕುಳಿತು ಇನ್ನೊಮ್ಮೆ, ಮತ್ತೊಮ್ಮೆ ಒತ್ತಿದರೆ, ಮೂರು ಸಲದೊಳಗೆ ಬೇಕಾದ ಊರು ಮೊದಲು ಬರುವ ಸಂಭವ ಶೇಕಡಾ 58ಕ್ಕೆ ಏರುತ್ತದೆ. ಆಮೇಲೆ ಹೊರಗೆ ಬಂದು ಯಂತ್ರವೇ ಹೀಗೆ ಹೇಳಿತು ಎಂದರೆ ಅದನ್ನು ಪ್ರಶ್ನಿಸುವವರಾರು? ಹಿಂದೆ ಹಿರಿಯರ ದಾಕ್ಷಿಣ್ಯದ ಹೆಸರಿನಲ್ಲಿ ನಡೆಯುತ್ತಿದ್ದ ಪಕ್ಷಪಾತ ಈಗ ಗಣಕಯಂತ್ರದ ಹೆಸರಿನಲ್ಲಿ ನಡೆದಂತಾಯಿತು. ಹಿಂದಿನದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು, ಇಂದಿನದು ಬೀಳದು. ಎಲ್ಲರೆದುರು, ಒಂದೇ ಸಲ, ಮೊದಲೇ ಹೇಳಿದ ಹೊತ್ತಿಗೆ ಎಂಬ ನಿಯಮವಿಲ್ಲದಿದ್ದರೆ ಇಂಥ ಸಾಧನವನ್ನು ಬಳಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಈ ನಿಯಮದ ಒಳ್ಳೆಯ ಮಾದರಿ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ವಿಜಯಪುರ ಲೋಕಸಭಾ ಕ್ಷೇತ್ರದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಸರ್ವೋಚ್ಚ ನ್ಯಾಯಾಲಯದ 2019ರ ಏಪ್ರಿಲ್ 8ರ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳನ್ನು ಆರಿಸಿ ಅಲ್ಲಿಯ ವಿವಿಪ್ಯಾಟ್ ಚೀಟಿಗಳನ್ನು ಯಂತ್ರದ ಲೆಕ್ಕದೊಡನೆ ತಾಳೆ ನೋಡಬೇಕು. ನಮ್ಮ ಕ್ಷೇತ್ರಕ್ಕೆ ಒಟ್ಟು 40 ಮತಗಟ್ಟೆಗಳಾದವು. ಇವುಗಳನ್ನು ಆರಿಸಲು ಆಯೋಗವು ಗಣಕಯಂತ್ರವನ್ನು ಬಳಸುವುದಿಲ್ಲ. ಅಂಚೆ ಕಾರ್ಡಿನ ಗಾತ್ರದ ಬಿಳಿಯ ಕಾಗದಗಳ ಮೇಲೆ ಮತಗಟ್ಟೆಗಳ ಸಂಖ್ಯೆ ಬರೆದು, ಅಂಕಿ ಕಾಣದಂತೆ ಮಡಿಚಿ, ಡಬ್ಬಿಯಲ್ಲಿ ಹಾಕಿ ಅಲುಗಾಡಿಸಿ, ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಎತ್ತುತ್ತಾರೆ. ಕೋಟಿ ಕೋಟಿ ಮತಗಳನ್ನು ಯಂತ್ರದಲ್ಲಿ ಎಣಿಸುವ ದೇಶವು ಈ ಒಂದು ಕೆಲಸಕ್ಕೆ ಕಾಗದ, ಡಬ್ಬಿಗಳನ್ನೇ ನೆಚ್ಚಿಕೊಂಡಿದೆ. ಅಕ್ಷರ ಬಾರದವರೂ ನೋಡಿ ಒಪ್ಪಬಹುದಾದ ರೀತಿ ಅದು.

ಇದು ಹೊಸ ಮಾತೇನೂ ಅಲ್ಲ. ತಮಿಳುನಾಡಿನ ಉತ್ತಿರಮೇರೂರಿನಲ್ಲಿ ಚೋಳ ಅರಸ ಮೊದಲನೆಯ ಪರಾಂತಕನ ಕಾಲದ, ಸುಮಾರು ಕ್ರಿ.ಶ. 920ರ ಶಾಸನಗಳಿವೆ. ಊರ ಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಬಗೆಯನ್ನು ಅವು ಹೇಳುತ್ತವೆ. ಓಲೆಗರಿಗಳ ಮೇಲೆ ಹೆಸರು ಬರೆದು ಕೊಡದಲ್ಲಿ ಹಾಕಬೇಕು. ಹಿರಿಯರೊಬ್ಬರು ಆ ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದು ತಿಳಿಯದ ಬಾಲಕನೊಬ್ಬನಿಂದ ಓಲೆ ತೆಗೆಸಬೇಕು. ಬೇರೊಂದು ಬರಿಯ ಕೊಡಕ್ಕೆ ಸುರಿದು ಅಲುಗಾಡಿಸಬೇಕೆಂಬ ವಿವರವೂ ಅಲ್ಲಿದೆ! ಸಾವಿರದ ನೂರು ವರ್ಷಗಳ ಹಿಂದೆಯೇ ಅಷ್ಟು ಎಚ್ಚರ.

ಆದರೆ ಆ ಕೊಡದೊಳಗೆ ಯಾರ ಹೆಸರು ಹೋಗುತ್ತಿತ್ತು? ವಯಸ್ಸು 35ರಿಂದ 70ರ ಒಳಗಿರಬೇಕು, ಕಂದಾಯ ಕಟ್ಟುವ ಭೂಮಿಯಿರಬೇಕು, ಶಾಸ್ತ್ರಜ್ಞಾನವಿರಬೇಕು. ಆ ಸಭೆ ಬ್ರಾಹ್ಮಣರ ಅಗ್ರಹಾರದ್ದು, ದುಡಿಯುವ ಜನಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಕೊಡವನ್ನು ಎಷ್ಟು ಚೆನ್ನಾಗಿ ಅಲುಗಾಡಿಸಿದರೂ ಒಳಗೆ ಹಾಕದ ಹೆಸರು ಹೊರಗೆ ಬಾರದು. ಪಟ್ಟಿ ಕಲಸುವ ಉತ್ಸಾಹದಲ್ಲಿ ನಾವೂ ಇದನ್ನು ಮರೆಯುತ್ತೇವೆ. ದಾಸೋಹದ ಅಡುಗೆಮನೆಯಲ್ಲಿ ನಸುಕಿನಿಂದ ರೊಟ್ಟಿ ಬಡಿದ ತಾಯಂದಿರ ಹೆಸರು ಸೇವಾಕರ್ತರ ಪಟ್ಟಿಯಲ್ಲಿ ಎಷ್ಟು ಕಡೆ ಇದೆ? ಕಮಿಟಿಯವರು ಗುಂಡಿ ಒತ್ತುವ ಮುನ್ನ ಒಮ್ಮೆ ಆ ಅಡುಗೆಮನೆಗೆ ಹೋಗಿ ಹೆಸರು ಕೇಳಿ ಬರಲಿ.

ಎಲ್ಲ ಪಟ್ಟಿಗಳನ್ನೂ ಕಲಸಬಾರದು ಎಂಬುದನ್ನೂ ಹೇಳಬೇಕು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ಮೆಟ್ಟಿಲುಗಳು. ಮೆಟ್ಟಿಲನ್ನು ಅದಲುಬದಲು ಮಾಡಿದರೆ ಹತ್ತುವುದೆಂತು? ಬಿಡಿಬಿಡಿಯಾಗಿದ್ದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಸಂವಾದವಾಗಿ ಜೋಡಿಸಿದ್ದರಿಂದಲೇ ಶೂನ್ಯಸಂಪಾದನೆ ಆಯಿತು. ಅಲ್ಲಿ ಕ್ರಮವೇ ಅರ್ಥ. ಹಾಗೆಯೇ ಬಡ ವಿದ್ಯಾರ್ಥಿಗಳ ಸಹಾಯಧನಕ್ಕೆ ಅರ್ಜಿಗಳು ಬಂದಾಗ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೆಂದು ವಿಚಾರಿಸುವುದು ಹಿರಿಯರ ಕರ್ತವ್ಯ. ಆ ಕಷ್ಟದಿಂದ ತಪ್ಪಿಸಿಕೊಳ್ಳಲು ಎಲ್ಲರ ಹೆಸರನ್ನೂ ಯಂತ್ರಕ್ಕೆ ಹಾಕಿದರೆ ಅದು ನ್ಯಾಯವಲ್ಲ, ಹೊಣೆಗೇಡಿತನ. ವಿಚಾರಣೆ ಮುಗಿದು, ಅರ್ಹತೆ ಸಮನಾಗಿ, ಹಣ ಮಾತ್ರ ಕಡಿಮೆ ಬಿದ್ದಾಗ ಚೀಟಿ ಎತ್ತಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳಲ್ಲಿ ಮೀಸಲಾದ ಶೇಕಡಾ 25 ಸ್ಥಾನಗಳಿಗೂ ಅರ್ಹರ ಅರ್ಜಿಗಳು ಹೆಚ್ಚಾದಾಗಲೇ ಲಾಟರಿ.

ಎತ್ತಿದ ಚೀಟಿಗೆ ಅರ್ಥವೇನೆಂಬುದನ್ನೂ ಮೊದಲೇ ಸಾರಬೇಕು. 2024ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ರಾಜ್ಯಸಭಾ ಚುನಾವಣೆಯಲ್ಲಿ ಇಬ್ಬರಿಗೂ 34 ಮತಗಳು ಬಂದು ಚೀಟಿ ಎತ್ತಬೇಕಾಯಿತು. ಬಂದದ್ದು ಅಭಿಷೇಕ್ ಮನು ಸಿಂಘ್ವಿಯವರ ಹೆಸರು, ಗೆದ್ದವರು ಹರ್ಷ್ ಮಹಾಜನ್! ಆ ಚುನಾವಣೆಯಲ್ಲಿ ಚೀಟಿಯಲ್ಲಿ ಬಂದವರನ್ನು ಕೈಬಿಡಬೇಕೆಂದು ನಿಯಮವನ್ನು ಅರ್ಥೈಸಿದ್ದರು. ಸಿಂಘ್ವಿಯವರು ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ಹೋದರು.

ಇನ್ನು ನಮ್ಮ ನಾಲ್ಕು ತಾಲೂಕುಗಳ ಮಾತು. ಪ್ರತಿ ವರ್ಷವೂ ಹೊಸದಾಗಿ ಕಲಸಿದರೆ ಎಲ್ಲರಿಗೂ ಸರದಿ ಬರುವುದೆಂದು ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಚೀಟಿಗೆ ಹೋದ ವರ್ಷದ ನೆನಪಿರುವುದಿಲ್ಲ. ನಾಲ್ಕು ವರ್ಷ ಬೇರೆ ಬೇರೆಯಾಗಿ ಕಲಸಿದರೆ ಒಂದು ತಾಲೂಕಿಗೆ ಒಮ್ಮೆಯೂ ಮೊದಲ ಸ್ಥಾನ ಬಾರದೆ ಹೋಗುವ ಸಂಭವ ಶೇಕಡಾ 32ರಷ್ಟಿದೆ. ಆದುದರಿಂದ ಒಂದೇ ಸಲ ಎಲ್ಲರೆದುರು ಕಲಸಿ, ಬಂದ ಕ್ರಮವನ್ನು ವಹಿಯಲ್ಲಿ ಬರೆದು ನಾಲ್ಕೂ ಕಡೆಯ ಹಿರಿಯರ ಸಹಿ ಪಡೆಯಬೇಕು. ಮರುವರ್ಷ ಮೊದಲಿನವರು ಕಡೆಗೆ ಹೋಗಿ ಎರಡನೆಯವರು ಮೇಲೆ ಬರಬೇಕು. ಹೀಗೆ ಪಾಳಿ ತಿರುಗಿದರೆ ನಾಲ್ಕು ವರ್ಷಗಳಲ್ಲಿ ಪ್ರತಿ ತಾಲೂಕಿಗೂ ಒಮ್ಮೆ ಮೊದಲ ಸಾಲು, ಒಮ್ಮೆ ಕಡೆಯ ಸಾಲು ದೊರೆಯುತ್ತದೆ. ಐದನೆಯ ವರ್ಷ ಮತ್ತೆ ಡಬ್ಬಿ ತರಬಹುದು, ಅಥವಾ ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಡಬಹುದು.