ಗೂಳೂರಿನ ಓಲೆಗರಿಯಲ್ಲಿ ಅಕ್ಕ

ಗೂಳೂರು ಎಂದರೆ ತುಮಕೂರು ಸೀಮೆಯವರಿಗೆ ಮೊದಲು ನೆನಪಾಗುವುದು ಅಲ್ಲಿನ ಮಣ್ಣಿನ ದೊಡ್ಡ ಗಣಪ. ಆ ಊರಿನ ಹೆಸರನ್ನೇ ಹೊತ್ತ ಗೂಳೂರು ಸಿದ್ಧವೀರಣ್ಣೊಡೆಯರನ್ನು ನೆನೆಯುವವರು ಕಡಿಮೆ. ಆದರೆ ಕಲ್ಯಾಣದ ಸಭೆಯಲ್ಲಿ ಅಲ್ಲಮನ ಎದುರು ನಿಂತ ಅಕ್ಕಮಹಾದೇವಿಯನ್ನು ನಮ್ಮ ಕಣ್ಣಿಗೆ ಕಟ್ಟುವಂತೆ ಮಾಡಿದ್ದು ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಅವರ ‘ಶೂನ್ಯಸಂಪಾದನೆ’.

ಅಕ್ಕ 12ನೇ ಶತಮಾನದವಳು. ಉಡುತಡಿಯಲ್ಲಿ ಹುಟ್ಟಿ, ಕಲ್ಯಾಣ ಹಾದು, ಶ್ರೀಶೈಲ ಸೇರಿದವಳು. ಅವಳ ಮಾತುಗಳು ಶತಮಾನಗಳ ನಂತರ ನಮ್ಮ ತೆಂಗಿನ ಸೀಮೆಯ ಮಗ್ಗುಲಿಗೆ ಬಂದವು. ತುರುವೇಕೆರೆಗೆ ಹತ್ತಿರದ ಎಡೆಯೂರು, ಕಗ್ಗೆರೆಗಳಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ನೆಲೆಸಿದ್ದರು. ತೋಟದಲ್ಲಿ ತಪಸ್ಸು ಮಾಡಿದ್ದರಿಂದಲೇ ಅವರಿಗೆ ಆ ಹೆಸರು. ಸಿದ್ಧವೀರಣ್ಣೊಡೆಯರು ಅವರ ಪರಂಪರೆಯವರು. ಆಗ ಬರೆಯುತ್ತಿದ್ದುದು ಓಲೆಗರಿಯ ಮೇಲೆ. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಷ್ಟೇ ಕಪ್ಪಾಗಿ ಉಳಿಯುತ್ತದೆ. ಇಂಥ ಪ್ರತಿಗಳಿಂದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತರುವವರೆಗೆ ವಚನಗಳು ಬದುಕಿದ್ದು ಹೆಚ್ಚಾಗಿ ಮಠಗಳಲ್ಲಿ, ಮನೆಯ ಅಟ್ಟಗಳಲ್ಲಿ.

ಶೂನ್ಯಸಂಪಾದನೆಯಲ್ಲಿ ಅಲ್ಲಮ ಅಕ್ಕನನ್ನು ಬಿಡದೆ ಕೆಣಕುತ್ತಾನೆ: ಉಡುಗೆ ಕಳೆದವಳು ಕೂದಲಿನಿಂದ ಮೈ ಮರೆಮಾಡಿದ್ದೇಕೆ? ನೋಡುವವರಿಗೆ ನೋವಾಗದಿರಲಿ ಎನ್ನುತ್ತಾಳೆ ಅಕ್ಕ. ಎಂಥ ಘನತೆಯ ಉತ್ತರ! ವಚನಗಳು ಅವಳವು, ಪ್ರಶ್ನೆಗೆ ಉತ್ತರವಾಗಿ ಅವನ್ನು ಹೀಗೆ ಪೋಣಿಸಿದ್ದು ಸಂಪಾದನಕಾರರ ಪ್ರತಿಭೆ. ಈ ಎರಡನ್ನೂ ಬೇರೆಬೇರೆಯಾಗಿ ಗೌರವಿಸುವುದನ್ನು ನಾವು ಕಲಿಯಬೇಕು. ಅವಳ ಬದುಕನ್ನೂ ಕವಿಗಳು ತಮತಮಗೆ ಕಂಡಂತೆ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಅವಳಿಗೆ ದೊರೆ ಕೌಶಿಕನೊಡನೆ ಮದುವೆಯಾಗುತ್ತದೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆಗುವುದಿಲ್ಲ.

ಹೀಗೆ ಬೇರೆಯವರ ಕೈಯಿಂದ ನಮಗೆ ತಲುಪಿದವಳು ಅಕ್ಕ ಒಬ್ಬಳೇ ಅಲ್ಲ. ಇಂಗ್ಲೆಂಡಿನ ಕ್ರೈಸ್ತ ಅನುಭಾವಿ ಮಾರ್ಜರಿ ಕೆಂಪ್ 15ನೇ ಶತಮಾನದಲ್ಲಿ ತನ್ನ ಬದುಕನ್ನು ಇತರರಿಂದ ಬರೆಸಿದಳು. ಆ ಹಸ್ತಪ್ರತಿ ಮತ್ತೆ ಬೆಳಕಿಗೆ ಬಂದದ್ದು 1934ರಲ್ಲಿ. ಅವಳಿಗೂ ಬೇರೆಯವರ ಕೈಯೇ ಗತಿಯಾಯಿತು. ಆದರೆ ಆ ಪುಸ್ತಕದಲ್ಲಿ ಮಾರ್ಜರಿಯ ಕಥೆಯನ್ನು ಯಾರೋ ದೂರ ನಿಂತು ಹೇಳಿದಂತಿದೆ. ವಚನಗಳಲ್ಲಿ ಮಾತಾಡುವವಳು ಅಕ್ಕನೇ.

ತಿಪಟೂರು, ಚಿಕ್ಕನಾಯಕನಹಳ್ಳಿಯ ನಮ್ಮ ಶಾಲೆಗಳಲ್ಲಿ ಅಕ್ಕನ ಪಾಠ ಬಂದಾಗ ಮೇಷ್ಟ್ರುಗಳು ಎಡೆಯೂರು, ಗೂಳೂರುಗಳ ಹೆಸರನ್ನೂ ಹೇಳಲಿ. ಹಾಗೆಯೇ ಸಭೆಯ ಚೌಕಟ್ಟಿನಿಂದ ಬಿಡಿಸಿ ಒಂದೊಂದೇ ವಚನವನ್ನು ಓದಿಸಲಿ. ಹಸಿವಿಗೆ ಊರಿನ ಭಿಕ್ಷೆ, ಬಾಯಾರಿಕೆಗೆ ಕೆರೆ ಬಾವಿ, ಮಲಗಲು ಹಾಳುಗುಡಿ ಎಂದು ಎಣಿಸುವ ವಚನವಿದೆಯಲ್ಲ, ಅದರಿಂದಲೇ ಶುರುವಾಗಲಿ. ಒಂಟಿಯಾಗಿ ಹೊರಟ ಹೆಣ್ಣೊಬ್ಬಳು ಇಂದಿನ ರಾತ್ರಿ ಎಲ್ಲಿ ಕಳೆಯುವುದೆಂದು ಯೋಚಿಸಿದ್ದು ಮಕ್ಕಳಿಗೆ ಯಾರ ವ್ಯಾಖ್ಯಾನವೂ ಇಲ್ಲದೆ ತಿಳಿಯುತ್ತದೆ.