ಅಂತರಜಾಲದಲ್ಲಿನ ನಕಲಿ ಗ್ರಾಹಕ ವಿಮರ್ಶೆಗಳು: ವ್ಯಾಪಾರಸ್ಥರಿಗಿರುವ ಪರಿಹಾರಗಳು

ದಾಂಡೇಲಿ, ಜೋಯಿಡಾ, ಹಳಿಯಾಳ ಹಾಗೂ ಮುಂಡಗೋಡ ತಾಲ್ಲೂಕುಗಳ ಹೋಮ್‌ಸ್ಟೇ, ರೆಸಾರ್ಟ್ ಮತ್ತು ಭೋಜನಾಲಯಗಳ ಪಾಲಿಗೆ ಅಂತರಜಾಲದ ವಿಮರ್ಶೆಗಳು (ರಿವ್ಯೂ) ಮಹತ್ವದ್ದಾಗಿವೆ. ಬೆರಳೆಣಿಕೆಯ ವಿಮರ್ಶೆಗಳಿರುವ ಸಣ್ಣ ಹೋಮ್‌ಸ್ಟೇಯೊಂದರ ಸರಾಸರಿ ಅಂಕವನ್ನು ಒಂದೆರಡು ಸುಳ್ಳು ವಿಮರ್ಶೆಗಳೇ ಕುಗ್ಗಿಸಬಲ್ಲವು.

ಅನ್ಯಾಯದ ವಿಮರ್ಶೆ ಬೇರೆ, ನಕಲಿ ವಿಮರ್ಶೆ ಬೇರೆ. ಗಣೇಶಗುಡಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಹೊರಬಿಡುವ ನೀರನ್ನು ಅವಲಂಬಿಸಿದೆ. ನೀರು ಬಿಡದ ದಿನ ನಿರಾಶರಾದ ಪ್ರವಾಸಿಗರು ಹೋಮ್‌ಸ್ಟೇಗೆ ಒಂದೇ ಸ್ಟಾರ್ ನೀಡಿದಲ್ಲಿ ಅದು ಅನ್ಯಾಯವೆನಿಸಬಹುದು, ನಕಲಿಯಲ್ಲ. ಮಾಲೀಕರಿಗೆ ಒಪ್ಪಿಗೆಯಿಲ್ಲವೆಂಬ ಕಾರಣಕ್ಕೆ ಗೂಗಲ್ ಅದನ್ನು ತೆಗೆದುಹಾಕುವುದಿಲ್ಲ. ಕಾರಣ ತಿಳಿಸುವ ಸೌಜನ್ಯದ ಉತ್ತರವೇ ಸೂಕ್ತ. ಅದನ್ನು ಮುಖ್ಯವಾಗಿ ಓದುವವರು ಮುಂದೆ ಬರಲಿರುವ ಪ್ರವಾಸಿಗರು.

ತಂಗಿಯೇ ಇರದವರು ಅಥವಾ ಪ್ರತಿಸ್ಪರ್ಧಿಗಳು ಬರೆದಿರುವುದು ಕಂಡುಬಂದಲ್ಲಿ, ವಿಮರ್ಶೆಯ ಸ್ಕ್ರೀನ್‌ಶಾಟ್, ದಿನಾಂಕ ಹಾಗೂ ಅತಿಥಿ ನೋಂದಣಿ ಪುಸ್ತಕದ ವಿವರಗಳನ್ನು ಕಾಯ್ದಿಟ್ಟುಕೊಂಡು ಸಂಬಂಧಪಟ್ಟ ಜಾಲತಾಣಕ್ಕೆ ವರದಿ ಮಾಡತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ, ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರ ಅನ್ವಯ ನೇಮಕವಾದ ಕುಂದುಕೊರತೆ ಅಧಿಕಾರಿಗೆ ದೂರು ಸಲ್ಲಿಸಬಹುದು. ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಮಾನಹಾನಿ ಮೊಕದ್ದಮೆಗೂ ಅವಕಾಶವಿದೆ. ಆದರೆ ಒಂದು ವಿಮರ್ಶೆಗಾಗಿ ನ್ಯಾಯಾಲಯಕ್ಕೆ ಅಲೆಯುವ ವೆಚ್ಚವನ್ನು ಮೊದಲೇ ಲೆಕ್ಕ ಹಾಕುವುದು ಒಳಿತು. ಗ್ರಾಹಕರ ಆಯೋಗವು ಗ್ರಾಹಕರಿಗಾಗಿಯೇ ಇರುವುದರಿಂದ ಇಂತಹ ದೂರನ್ನು ಅಲ್ಲಿಗೆ ಒಯ್ಯುವುದು ವ್ಯರ್ಥ.

ನಕಲಿಗೆ ಪ್ರತಿಯಾಗಿ ಬಂಧುಮಿತ್ರರಿಂದ ಐದು ಸ್ಟಾರ್ ಬರೆಸುವುದು ಸರಿಯಲ್ಲ. ಮಾರಾಟಗಾರರು ಗ್ರಾಹಕರ ಸೋಗಿನಲ್ಲಿ ವಿಮರ್ಶೆ ಬರೆಯುವುದನ್ನು ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020 ನಿಷೇಧಿಸಿವೆ. ವಿಮರ್ಶಕರ ಗುರುತನ್ನು ಜಾಲತಾಣಗಳೇ ಪರಿಶೀಲಿಸಬೇಕೆಂಬ ಐಎಸ್ 19000 ಮಾನಕವನ್ನು ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಹೊರತಂದಾಗ ಅದು ಸ್ವಯಂಪ್ರೇರಿತ ಪಾಲನೆಯದಾಗಿತ್ತು.